ನೀರಂಚಿನ ಹಳೇ ಪೇಟೆಗಳ ಸೊಗಸು: ಎಲ್ಲಿಂದ ಬರುತ್ತೆ, ಯಾವಾಗ ಹೋಗುತ್ತೆ?

ನಕ್ಷೆಗಾರ

ಬಂದರಿನ ಹಳೇ ಪೇಟೆ ಆಗಲಿ, ಕಾಲುವೆ ಪಕ್ಕದ ಕೇರಿ ಆಗಲಿ, ನದಿ ಮೆಟ್ಟಿಲ ಮೇಲೆ ಬೆಳೆದ ಓಣಿ ಆಗಲಿ, ಕಾಲಿಟ್ಟ ಕೂಡಲೇ ಮನಸ್ಸಿಗೆ ಹಿಡಿಸುತ್ತೆ. ಯಾಕೆ ಅಂತ ಕೇಳಿದರೆ ಮಾತ್ರ "ಹಳೇ ಕಾಲದ ಸೊಗಡು" ಅಂತ ಹೇಳಿ ಸುಮ್ಮನಾಗ್ತೀವಿ. ಸೊಗಡು ಅಂದರೆ ಏನು ಅಂತ ಬಿಡಿಸಿ ಹೇಳೋಕೆ ಬರದಿದ್ದರೆ, ತೀರದ ಅಭಿವೃದ್ಧಿ ಯೋಜನೆ ಬಂದಾಗ ಯಾವುದನ್ನು ಮುಟ್ಟಬಾರದು ಅಂತ ಹೇಳೋಕೂ ಬರಲ್ಲ. ಪಾಲಿಶ್ ಗ್ರಾನೈಟ್, ಸ್ಟೀಲ್ ಕಂಬಿ, ಬಣ್ಣದ ದೀಪ ಬರುತ್ತೆ. ಕೆಲಸ ಚೊಕ್ಕವಾಗೇ ಇರುತ್ತೆ, ಆದರೆ ಜನ ಕೂರಲ್ಲ, ದೋಣಿ ನಿಲ್ಲಲ್ಲ.

ಹಾಗಾಗಿ ಅಳೆಯಬಹುದಾದ ಸಂಗತಿಗಳಿಂದಲೇ ಶುರು ಮಾಡೋಣ ಅಂತ.

ಮೊದಲನೆಯದು ಮನೆಯ ಮುಖದ ಅಗಲ. ಹಳೇ ಬಂದರು ಪೇಟೆಗಳಲ್ಲಿ ನೀರಿಗೆ ಮುಖ ಮಾಡಿದ ಜಾಗಕ್ಕೆ ಬೆಲೆ ಹೆಚ್ಚು. ಎಲ್ಲರಿಗೂ ಧಕ್ಕೆ, ಅಂದರೆ ದೋಣಿ ಕಟ್ಟಿ ಸರಕು ಇಳಿಸುವ ಕಟ್ಟೆ, ಬೇಕು. ಅದಕ್ಕೇ ನಿವೇಶನಗಳು ಐದಾರು ಮೀಟರ್ ಅಗಲ, ಹಿಂದಕ್ಕೆ ಉದ್ದೋ ಉದ್ದ. ಹೀಗಿದ್ದಾಗ ನೂರು ಮೀಟರ್ ನಡೆದರೆ ಹದಿನೈದರಿಂದ ಇಪ್ಪತ್ತು ಬಾಗಿಲು ಸಿಗುತ್ತವೆ. ಗಂಟೆಗೆ 5 ಕಿ.ಮೀ. ನಡಿಗೆಯಲ್ಲಿ ನಾಲ್ಕೈದು ಸೆಕೆಂಡಿಗೊಂದು ಹೊಸ ಬಾಗಿಲು. ಕಣ್ಣಿಗೆ ಬೇಸರ ಆಗದೇ ಇರೋದು ಇದರಿಂದ. ಅಕ್ಕಪಕ್ಕದ ನಾಲ್ಕು ನಿವೇಶನ ಸೇರಿಸಿ ಒಂದೇ ಕಟ್ಟಡ ಎಬ್ಬಿಸಿದರೆ, ಮುಂಭಾಗವನ್ನು ಎಷ್ಟೇ ಹಳೇ ಶೈಲಿಯಲ್ಲಿ ಕಟ್ಟಿದರೂ ಆ ಲಯ ಹೋಯಿತು.

ಎರಡನೆಯದು ಓಣಿಯ ದಿಕ್ಕು. ಹೆಚ್ಚಿನ ಕಡೆ ಓಣಿಗಳು ನೀರಿಗೆ ನೇರವಾಗಿ ಬಂದು ಬೀಳುತ್ತವೆ. ಹಗಲು ನೆಲ ಕಾದು ನೀರಿನ ಕಡೆಯಿಂದ ಗಾಳಿ ಒಳಗೆ ಬರುತ್ತೆ, ರಾತ್ರಿ ನೆಲ ಬೇಗ ತಣಿದು ಗಾಳಿ ತಿರುಗುತ್ತೆ. ಮೂರು ಮೀಟರ್ ಅಗಲದ ಓಣಿ, ಎರಡೂ ಬದಿ ಒಂಬತ್ತು ಮೀಟರ್ ಎತ್ತರದ ಗೋಡೆ ಅಂದರೆ ನಡು ಮಧ್ಯಾಹ್ನ ಸ್ವಲ್ಪ ಹೊತ್ತು ಬಿಟ್ಟರೆ ನೆರಳೇ. ಆ ನೆರಳಿನ ತುದಿಯಲ್ಲಿ ಬಾಗಿಲ ಸಂದಿನಷ್ಟು ನೀರು ಹೊಳೆಯುತ್ತಿರುತ್ತೆ. ನಡೆಯುವವರನ್ನು ಎಳೆದುಕೊಂಡು ಹೋಗೋದು ಆ ಹೊಳಪು. ಓಣಿಯ ಬಾಯಿಗೆ ಟಿಕೆಟ್ ಕಟ್ಟೆ, ಟ್ರಾನ್ಸ್‌ಫಾರ್ಮರ್, ಕಮಾನು, ಜಾಹೀರಾತು ಫಲಕ ನಿಲ್ಲಿಸೋದು ತೀರಾ ಸಾಮಾನ್ಯ ತಪ್ಪು. ಗಾಳಿ, ನೋಟ ಎರಡೂ ಒಟ್ಟಿಗೆ ಹೋಗುತ್ತವೆ.

ಗೋಡೆ, ಧಕ್ಕೆ, ಅಡಿಪಾಯದ ಬಗ್ಗೆ ಬಲ್ಲವರು ಬರೆಯಿರಿ.

ಸುಣ್ಣಗಾರೆ

ಗೋಡೆ ನನ್ನ ಪಾಲಿಗಿರಲಿ. ಉದ್ದ ಆಗುತ್ತೆ, ಕ್ಷಮಿಸಿ.

ನೀರಂಚಿನ ಹಳೇ ಗೋಡೆಗೆ ಬರುವ ರೋಗ ಒಂದೇ, ಉಪ್ಪು. ನೆಲದ ತೇವ ಇಟ್ಟಿಗೆಯ ಸಣ್ಣ ಸಣ್ಣ ರಂಧ್ರಗಳ ಮೂಲಕ ಮೇಲೇರುತ್ತೆ, ಜೊತೆಗೆ ಕರಗಿದ ಉಪ್ಪನ್ನೂ ಹೊತ್ತು ತರುತ್ತೆ. ಗೋಡೆಯ ಮೇಲ್ಮೈಯಲ್ಲಿ ನೀರು ಆರಿ ಹೋಗುತ್ತೆ, ಉಪ್ಪು ಅಲ್ಲೇ ಉಳಿಯುತ್ತೆ. ಅಡುಗೆ ಉಪ್ಪಿನ ಗುಣ ಹೇಗೆಂದರೆ, ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು ಶೇ. 75 ದಾಟಿದರೆ ತೇವ ಹೀರಿ ಕರಗುತ್ತೆ, ಅದಕ್ಕಿಂತ ಇಳಿದರೆ ಹರಳುಗಟ್ಟುತ್ತೆ. ತೀರದ ಊರುಗಳಲ್ಲಿ ರಾತ್ರಿ ಆ ಗೆರೆ ದಾಟುತ್ತೆ, ಮಧ್ಯಾಹ್ನ ಇಳಿಯುತ್ತೆ. ಅಂದರೆ ಬಹುತೇಕ ದಿನಕ್ಕೊಂದು ಸಲ ಹರಳು ಹುಟ್ಟಿ, ಬೆಳೆದು, ರಂಧ್ರದ ಗೋಡೆಯನ್ನು ಒಳಗಿಂದ ತಳ್ಳುತ್ತೆ. ಗಿಲಾವು ಪುಡಿಪುಡಿಯಾಗಿ ಉದುರೋದು ಹೀಗೆ.

ಸುಣ್ಣದ ಗಾರೆ ಈ ಏಟನ್ನು ತಾನು ತಿಂದು ಇಟ್ಟಿಗೆಯನ್ನು ಉಳಿಸುತ್ತೆ. ಅದು ಮೆತ್ತಗಿರೋದೂ ಉಸಿರಾಡೋದೂ ಅದಕ್ಕೇ. ಉದುರಿದ ಗಿಲಾವನ್ನು ಕೆಲವು ವರ್ಷಕ್ಕೊಮ್ಮೆ ಬದಲಿಸಿದರೆ ಮುಗೀತು. ಅದರ ಮೇಲೆ ಸಿಮೆಂಟ್ ಬಳಿದರೆ ತೇವ ಹೊರಗೆ ಬರಲಾರದೆ ಇನ್ನೂ ಮೇಲಕ್ಕೆ ಹತ್ತುತ್ತೆ. ಒಂದು ಮೀಟರ್ ಎತ್ತರದಲ್ಲಿದ್ದ ಕಲೆ ಕಿಟಕಿ ತಳಕ್ಕೆ, ಅಲ್ಲಿಂದ ತೊಲೆಯ ತುದಿಗೆ ಹೋಗುತ್ತೆ. ಆಮೇಲೆ ಸಿಮೆಂಟಿನ ಹಾಳೆ ಇಟ್ಟಿಗೆಯ ಮುಖವನ್ನೂ ಕಿತ್ತುಕೊಂಡೇ ಬೀಳುತ್ತೆ.

ಸರಿಪಡಿಸುವಾಗ ಮೊದಲು ನೋಡಬೇಕಾದ್ದು ಗೋಡೆಯಲ್ಲ, ರಸ್ತೆ. ಡಾಂಬರಿನ ಮೇಲೆ ಡಾಂಬರು ಹಾಕುತ್ತಾ ಹೋಗಿ ರಸ್ತೆ 150-200 ಮಿ.ಮೀ. ಎದ್ದಿರುತ್ತೆ, ಮನೆಯ ಅಧಿಷ್ಠಾನದ ಕಲ್ಲು ಮುಚ್ಚಿಹೋಗಿರುತ್ತೆ. ತೇವ ತಡೆಯಲೆಂದೇ ಇಟ್ಟ ಕಲ್ಲು ಅದು. ಮಣ್ಣು ತೆಗೆದು ಅದನ್ನು ಮತ್ತೆ ಹೊರಗೆ ತರದೆ ಬೇರೆ ಏನು ಮಾಡಿದರೂ ನಿಲ್ಲಲ್ಲ. ನೀರಿನ ಕೊಳವೆ, ಸೂರಿನ ಮಳೆನೀರು ಹರಿಯುವ ದೋಣಿ ಸೋರುತ್ತಿದ್ದರೆ ಅದೂ ಮೊದಲೇ ಮುಗಿಯಬೇಕು.

ಆಮೇಲೆ ಸಿಮೆಂಟ್ ಗಿಲಾವನ್ನು ತೇವದ ಗೆರೆಗಿಂತ 300-500 ಮಿ.ಮೀ. ಮೇಲಿನವರೆಗೆ ತೆಗೆಯಬೇಕು. ಸುತ್ತಿಗೆ, ಚಾಣ ಸಾಕು. ಚಾಣವನ್ನು ಓರೆಯಾಗಿ ಹಿಡಿದು ಹಾಳೆಯನ್ನು ಎಬ್ಬಿಸಬೇಕು. ಬ್ರೇಕರ್ ಮಷೀನ್ ತಂದರೆ ಇಟ್ಟಿಗೆ ಉಳಿಯಲ್ಲ. ಹೊರಬಂದ ಬಿಳಿ ಪುಡಿಯನ್ನು ಒಣ ಕುಂಚದಿಂದ ಗುಡಿಸಿ, ಗೋಣಿಯಲ್ಲಿ ತುಂಬಿ ದೂರ ಸಾಗಿಸಿ. ಅದನ್ನು ಗೋಡೆಬುಡದಲ್ಲೇ ಬಿಟ್ಟರೆ ಮಳೆ ಬಂದು ಮತ್ತೆ ಒಳಗಿಳಿಸುತ್ತೆ. ನೀರು ಹೊಡೆದು ತೊಳೆದರೂ ಅದೇ ಗತಿ.

ಈಗ ಕಾಯಬೇಕು. ಗೋಡೆ ತಿಂಗಳಿಗೆ ಸುಮಾರು 25 ಮಿ.ಮೀ. ದಪ್ಪದಷ್ಟು ಆರುತ್ತೆ ಅನ್ನೋದು ರೂಢಿಯ ಲೆಕ್ಕ. 450 ಮಿ.ಮೀ. ಗೋಡೆ ಎರಡೂ ಕಡೆಯಿಂದ ಆರಿದರೆ ಒಂಬತ್ತು ತಿಂಗಳು. ಹೆಚ್ಚಿನ ಕೆಲಸ ಕೆಡೋದು ಇಲ್ಲೇ, ಯಾರಿಗೂ ಒಂಬತ್ತು ತಿಂಗಳು ಕಾಯುವ ಮನಸ್ಸಿರಲ್ಲ.

ಉಪ್ಪು ತೀರಾ ಹೆಚ್ಚಿದ್ದರೆ ಕಾಗದದ ತಿರುಳಿನ ಲೇಪ ಹಾಕಬೇಕು. ಉಪ್ಪಿಲ್ಲದ ಶುದ್ಧ ನೀರಿನಲ್ಲಿ ನೆನೆಸಿದ ತಿರುಳನ್ನು 15-20 ಮಿ.ಮೀ. ದಪ್ಪ ಮೆತ್ತಿ, ಪೂರ್ತಿ ಒಣಗುವವರೆಗೆ ಬಿಟ್ಟು, ಕಿತ್ತು ಬಿಸಾಡಬೇಕು. ತಿರುಳು ಒಣಗುವಾಗ ಉಪ್ಪನ್ನು ತನ್ನೊಳಕ್ಕೆ ಎಳೆದುಕೊಂಡಿರುತ್ತೆ. ಎರಡು ಮೂರು ಸಲ ಮಾಡಬೇಕಾಗಬಹುದು. ಒಮ್ಮೆ ಬಳಸಿದ ತಿರುಳನ್ನು ಮತ್ತೆ ನೆನೆಸಿ ಹಾಕಬೇಡಿ.

ಗಾರೆ: ಕನಿಷ್ಠ ಮೂರು ತಿಂಗಳು ನೀರಿನಡಿ ಮಾಗಿದ ಸುಣ್ಣದ ಮುದ್ದೆ 1, ಒರಟು ಮರಳು 3. ಮರಳಿನ ಕಾಳು ದೊಡ್ಡದು ಸಣ್ಣದು ಎಲ್ಲಾ ಬೆರೆತಿರಬೇಕು. ಕಡಲ ದಡದ ಮರಳು ಬೇಡವೇ ಬೇಡ. ಒಂದು ಪದರ 8-10 ಮಿ.ಮೀ. ಮೀರಬಾರದು. ಉಗುರು ಒತ್ತಿದರೆ ಗುರುತು ಬೀಳದಷ್ಟು ಗಟ್ಟಿಯಾದ ಮೇಲೆ ಮುಂದಿನ ಪದರ. ವಾರವಿಡೀ ಒದ್ದೆ ಗೋಣಿತಾಟು ಕಟ್ಟಿಡಿ. ಸುಣ್ಣ ಗಟ್ಟಿಯಾಗೋದು ಗಾಳಿಯ ಇಂಗಾಲದ ಡೈಆಕ್ಸೈಡ್‌ನಿಂದ, ಅದಕ್ಕೆ ತೇವವೂ ಬೇಕು. ಬಿಸಿಲಿಗೆ ಬೇಗ ಒಣಗಿದರೆ ಸೀಮೆಸುಣ್ಣದಂತೆ ಕೈಗೆ ಅಂಟುತ್ತೆ. ನೆಲಕ್ಕೂ ಗಿಲಾವಿಗೂ ನಡುವೆ 50 ಮಿ.ಮೀ. ಖಾಲಿ ಬಿಡೋದು ಮರೆಯಬೇಡಿ. ಆ ಸಂದು ಇಲ್ಲದಿದ್ದರೆ ಗಿಲಾವೇ ಬತ್ತಿಯಂತೆ ನೀರು ಹೀರುತ್ತೆ.

ತೀರದನಡಿಗೆ

ಸುಣ್ಣಗಾರೆ ಅವರೇ, ಒಂದು ಸಂದೇಹ. ತೇವ ಅಳೆಯುವ ಮೀಟರ್ ಇಟ್ಟು ನೋಡಿ "ಗೋಡೆ ಇನ್ನೂ ಒದ್ದೆ" ಅಂತ ಹೇಳಿ ತೇವ ತಡೆಯೋಕೆ ಗೋಡೆಯೊಳಗೆ ತುಂಬುವ ರಾಸಾಯನಿಕ ಚುಚ್ಚುಮದ್ದು ಮಾರುವವರು ಇದ್ದಾರಲ್ಲ, ಆ ಮೀಟರ್ ನಂಬಬಹುದಾ?

ಸುಣ್ಣಗಾರೆ

ಉಪ್ಪಿರುವ ಗೋಡೆಯಲ್ಲಿ ನಂಬಬೇಡಿ. ಎರಡು ಮೊಳೆಯ ಮೀಟರ್ ಅಳೆಯೋದು ವಿದ್ಯುತ್ ಎಷ್ಟು ಸುಲಭವಾಗಿ ಹರಿಯುತ್ತೆ ಅನ್ನೋದನ್ನು. ಉಪ್ಪಿದ್ದರೆ ಸ್ವಲ್ಪ ತೇವಕ್ಕೇ ಮುಳ್ಳು ಕೊನೆಗೆ ಹೋಗುತ್ತೆ. ನಿಧಾನವಾಗಿ ಡ್ರಿಲ್ ಮಾಡಿ 20, 50, 100 ಮಿ.ಮೀ. ಆಳದ ಪುಡಿಯನ್ನು ಬೇರೆ ಬೇರೆ ಡಬ್ಬಿಗೆ ಹಾಕಿ ತೂಗಿ, 105 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಣಗಿಸಿ ಮತ್ತೆ ತೂಗಿ. ತೂಕದ ವ್ಯತ್ಯಾಸವೇ ನಿಜವಾದ ತೇವ. ಒಳಗೆ ಕಡಿಮೆ, ಮೇಲ್ಮೈಯಲ್ಲಿ ಹೆಚ್ಚು ಬಂದರೆ ಅದು ಗಾಳಿಯಿಂದ ಉಪ್ಪು ಹೀರಿದ ತೇವ, ನೆಲದಿಂದ ಏರಿದ್ದಲ್ಲ. ಆಗ ಚುಚ್ಚುಮದ್ದಿನಿಂದ ಏನೂ ಪ್ರಯೋಜನವಿಲ್ಲ.

ಕಟ್ಟೆಕಲ್ಲು

ವೆನಿಸ್ ಇದಕ್ಕೆ ಒಳ್ಳೆಯ ಪಾಠ. ಅಲ್ಲಿನ ಹಳೆಯ ಕಟ್ಟಡಗಳ ಬುಡದಲ್ಲಿ ಇಸ್ಟ್ರಿಯಾದ ಬಿಳಿ ಸುಣ್ಣಕಲ್ಲಿನ ಸಾಲುಗಳಿವೆ. ಆ ಕಲ್ಲು ಎಷ್ಟು ದಟ್ಟ ಎಂದರೆ ನೀರನ್ನು ಬಹುಮಟ್ಟಿಗೆ ಹೀರುವುದೇ ಇಲ್ಲ. ಉಪ್ಪುನೀರು ಕಲ್ಲನ್ನು ತಾಗಲಿ, ಇಟ್ಟಿಗೆಯನ್ನು ಮುಟ್ಟದಿರಲಿ ಎಂಬುದು ಲೆಕ್ಕಾಚಾರ. 1897ರ ಸಮುದ್ರಮಟ್ಟವನ್ನು ಸೊನ್ನೆ ಎಂದು ಹಿಡಿದು ಅಲ್ಲಿ ನೀರನ್ನು ಅಳೆಯುತ್ತಾರೆ. ನೆಲ ಕುಸಿದು, ಕಡಲೂ ಏರಿ, ಈಗ ಸರಾಸರಿ ಮಟ್ಟವೇ ಅದಕ್ಕಿಂತ 30 ಸೆಂ.ಮೀ.ಗೂ ಹೆಚ್ಚು ಮೇಲಿದೆ. ಎಷ್ಟೋ ಕಡೆ ನೀರು ಕಲ್ಲಿನ ಸಾಲನ್ನು ದಾಟಿ ಇಟ್ಟಿಗೆಗೆ ತಲುಪಿದೆ. ಕಾಲುವೆಯಲ್ಲಿ ದೋಣಿಯಲ್ಲಿ ಹೋಗುವಾಗ ಕಣ್ಣಿಗೆ ಬೀಳುವ ಆ ಸವೆದ ಕೆಂಪು ಇಟ್ಟಿಗೆ ಪಟ್ಟಿ ಹುಟ್ಟಿದ್ದು ಹೀಗೆ. ಫೋಟೋದಲ್ಲಿ ಅಂದವಾಗಿ ಕಾಣುತ್ತದೆ. ಗೋಡೆಗೆ ಅದು ಗಾಯ.

ನನ್ನ ವಿಷಯ ಧಕ್ಕೆಯ ಗೋಡೆ. ಹಳೆಯ ಪೇಟೆಯ ಎಲ್ಲ ಅಂದವೂ ಈ ಗೋಡೆಯ ಮೇಲೆ ನಿಂತಿದೆ. ಅದನ್ನು ನೋಡುವವರು ಮಾತ್ರ ಕಡಿಮೆ.

ಧಕ್ಕೆ ಗೋಡೆ ಬೀಳುವುದು ಸಾಮಾನ್ಯವಾಗಿ ಮೂರು ಕಾರಣಕ್ಕೆ, ಮೂರೂ ಕೂಡಿಯೇ ಬರುತ್ತವೆ. ಪ್ರೊಪೆಲ್ಲರ್ ನೀರು ಗೋಡೆಯ ಬುಡದ ಮಣ್ಣನ್ನು ಕೊರೆಯುತ್ತದೆ. ಕಲ್ಲಿನ ಸಂದುಗಳ ಗಾರೆ ಹೋದ ಮೇಲೆ ಪ್ರತಿ ಇಳಿತದಲ್ಲೂ ಹಿಂದಿನ ಮಣ್ಣು ಒಂದಿಷ್ಟು ಹೊರಗೆ ಹರಿಯುತ್ತದೆ. ನೀರು ಬಸಿಯುವ ತೂತುಗಳು ಮುಚ್ಚಿದ್ದರೆ, ಮುಂದಿನ ನೀರು ಇಳಿದಾಗ ಹಿಂದಿನ ನೀರು ಇಳಿಯದೆ ಗೋಡೆಯನ್ನು ಹೊರಕ್ಕೆ ನೂಕುತ್ತದೆ. ಇದರ ಮೇಲೆ ಲಾರಿಯ ಭಾರ. ಕುದುರೆಗಾಡಿಯ ಕಾಲದಲ್ಲಿ ಕಟ್ಟಿದ ಗೋಡೆಗೆ ಕಾಂಕ್ರೀಟ್ ಮಿಕ್ಸರ್ ಹೊರುವ ತ್ರಾಣ ಎಲ್ಲಿಂದ ಬರಬೇಕು?

ಆಮ್ಸ್ಟರ್‌ಡಾಮ್‌ನ ಗ್ರಿಮ್‌ಬರ್ಗ್‌ವಾಲ್‌ನಲ್ಲಿ 2020ರ ಸೆಪ್ಟೆಂಬರ್ 1ರಂದು ಧಕ್ಕೆ ಗೋಡೆಯ ಒಂದು ಭಾಗ ಕಾಲುವೆಗೇ ಕುಸಿಯಿತು. ಆ ನಗರದಲ್ಲಿ ಪರೀಕ್ಷಿಸಿ ದುರಸ್ತಿ ಮಾಡಬೇಕಾದ ಇಂಥ ಗೋಡೆ ಸುಮಾರು 200 ಕಿ.ಮೀ. ಉದ್ದವಿದೆ. ಒಳನಗರಕ್ಕೆ 7.5 ಟನ್ ಮೀರಿದ ವಾಹನಗಳಿಗೆ ಪರವಾನಗಿ ಬೇಕು ಎಂಬ ನಿಯಮ ಇರುವುದು ಈ ಗೋಡೆ, ಸೇತುವೆಗಳ ಜೀವ ಉಳಿಸಲಿಕ್ಕೆ.

ಪರೀಕ್ಷೆಗೆ ಅಮಾವಾಸ್ಯೆ ಅಥವಾ ಹುಣ್ಣಿಮೆಯ ಆಸುಪಾಸಿನ ದಿನ ಆರಿಸಿ, ಆಗ ಇಳಿತ ಆಳವಾಗಿರುತ್ತದೆ. ನೀರು ತೀರಾ ಕೆಳಗಿರುವ ಹೊತ್ತಿಗೆ ಒಂದು ಗಂಟೆ ಮುಂಚೆಯೇ ಸ್ಥಳದಲ್ಲಿರಿ. ಸಂದುಗಳಿಂದ ಸೋರುವ ನೀರು ತಿಳಿಯಾಗಿದ್ದರೆ ಚಿಂತೆಯಿಲ್ಲ. ಕದಡಿದ್ದರೆ ಮಣ್ಣು ಹೋಗುತ್ತಿದೆ ಎಂದರ್ಥ. ಗೋಡೆಯ ಮೇಲಂಚಿನಲ್ಲಿ ದಾರ ಎಳೆದು ಹೊಟ್ಟೆ ಬಂದಿದೆಯೇ ನೋಡಿ. ಮೇಲಿನ ಹಾಸುಗಲ್ಲಿನಲ್ಲಿ ತಟ್ಟೆಯಷ್ಟು ಅಗಲದ ತಗ್ಗು ಕಂಡರೂ ಗುರುತು ಹಾಕಿ, ಸುತ್ತಿಗೆಯಿಂದ ಬಡಿದು ಕೇಳಿ. ಟೊಳ್ಳು ಸದ್ದು ಬಂದರೆ ಕೆಳಗೆ ಗುಳಿ ಬಿದ್ದಿದೆ. ಆ ತಗ್ಗಿಗೆ ಸಿಮೆಂಟ್ ಸುರಿದು ಮಟ್ಟ ಮಾಡಿಬಿಟ್ಟರೆ ಸಿಕ್ಕಿದ್ದ ಒಂದೇ ಸುಳಿವೂ ಮುಚ್ಚಿಹೋಗುತ್ತದೆ.

ದುರಸ್ತಿಗೆ ಸಂದನ್ನು ಅದರ ಅಗಲದ ಎರಡು ಪಟ್ಟು ಆಳಕ್ಕೆ, ಕನಿಷ್ಠ 25 ಮಿ.ಮೀ. ಕೆರೆಯಬೇಕು. ಉಬ್ಬರ-ಇಳಿತದ ಪಟ್ಟಿಯಲ್ಲಿ ಸಾದಾ ಸುಣ್ಣ ನಿಲ್ಲುವುದಿಲ್ಲ, ಗಾಳಿ ತಾಗುವ ಮೊದಲೇ ನೀರು ಕೊಚ್ಚುತ್ತದೆ. ಅಲ್ಲಿಗೆ ನೀರಿನಲ್ಲೂ ಗಟ್ಟಿಯಾಗುವ ಹೈಡ್ರಾಲಿಕ್ ಸುಣ್ಣ, ಎನ್‌ಎಚ್‌ಎಲ್ 5 ದರ್ಜೆಯದು ಬೇಕು. ಹಿಂದಿನ ಗುಳಿ ತುಂಬಲು ಸುಣ್ಣಾಧಾರಿತ ತೆಳು ಗಾರೆಯನ್ನು ಕಡಿಮೆ ಒತ್ತಡದಲ್ಲಿ, ಒಂದು ಸಲಕ್ಕೆ ಅರ್ಧ ಮೀಟರ್ ಎತ್ತರದಷ್ಟೇ ಬಿಡಬೇಕು. ಒಮ್ಮೆಲೇ ಪಂಪ್ ಮಾಡಿದರೆ ಆ ಒದ್ದೆ ಗಾರೆಯ ಭಾರಕ್ಕೇ ಗೋಡೆ ಹೊರಬೀಳಬಹುದು. ಕೆಲಸಕ್ಕೆ ಮುಂಚೆ ಬಸಿಯುವ ತೂತುಗಳಿಗೆ ಕೊಳವೆ ತೂರಿಸಿಡಿ. ಇಲ್ಲದಿದ್ದರೆ ಗಾರೆ ಅದನ್ನೂ ಮುಚ್ಚುತ್ತದೆ, ಮೂರನೇ ಕಾರಣವನ್ನು ನಾವೇ ತಂದುಕೊಂಡಂತಾಗುತ್ತದೆ.

ಮರದತೊಲೆ

ಅಡಿಪಾಯದ ಮರದ ಕಂಬಗಳ ಬಗ್ಗೆ ಒಂದು ತಪ್ಪು ತಿಳಿವಳಿಕೆ ಎಲ್ಲಾ ಕಡೆ ಇದೆ. "ನೀರಲ್ಲಿ ನೆನೆದು ಮರ ಕೊಳೆಯುತ್ತೆ" ಅಂತಾರೆ. ನಿಜ ಏನಂದ್ರೆ, ಕೆಸರಿನಲ್ಲಿ ಪೂರ್ತಿ ಮುಳುಗಿದ ಮರಕ್ಕೆ ಆಮ್ಲಜನಕ ಸಿಗಲ್ಲ, ಕೊಳೆಸುವ ಶಿಲೀಂಧ್ರ ಬದುಕಲ್ಲ. ಬ್ಯಾಕ್ಟೀರಿಯಾ ತಿನ್ನುತ್ತವೆ, ಆದರೆ ತೀರಾ ನಿಧಾನ. ಆಮ್ಸ್ಟರ್‌ಡಾಮ್‌ನ ಅರಮನೆ 13,659 ಮರದ ಕಂಬಗಳ ಮೇಲೆ ಹದಿನೇಳನೇ ಶತಮಾನದಿಂದ ನಿಂತಿದೆ.

ಅಪಾಯ ನೀರು ಇಳಿದಾಗ. ಕಂಬದ ತಲೆ ಗಾಳಿಗೆ ಬಂದ ಕೂಡಲೇ ಶಿಲೀಂಧ್ರ ಶುರು. ಅದಕ್ಕೇ ಅಲ್ಲಿ ಕಾಲುವೆಯ ಮಟ್ಟವನ್ನು ಎತ್ತರ ಅಳೆಯಲು ಸೊನ್ನೆ ಅಂತ ಹಿಡಿದ ರಾಷ್ಟ್ರೀಯ ಮಟ್ಟಗೆರೆಗಿಂತ 40 ಸೆಂ.ಮೀ. ಕೆಳಗೆ ಹಿಡಿದಿಡ್ತಾರೆ. ಪಕ್ಕದಲ್ಲಿ ಯಾರೋ ನೆಲಮಾಳಿಗೆ ತೋಡಿ ಪಂಪ್ ಇಟ್ಟರೆ, ಒಳಚರಂಡಿ ಕೊಳವೆ ಒಡೆದು ಅಂತರ್ಜಲವನ್ನು ಎಳೆದುಕೊಂಡು ಹೋದರೆ, ಕಂಬಗಳು ಒಣಗುತ್ತವೆ. ನಾರ್ವೆಯ ಬರ್ಗೆನ್‌ನಲ್ಲಿ ಬ್ರಿಗೆನ್ ಅನ್ನೋ ಮರದ ಧಕ್ಕೆಪೇಟೆ ಇದೆ. 1702ರ ಬೆಂಕಿಯಲ್ಲಿ ಸುಟ್ಟ ಮೇಲೆ ಹಳೇ ನಕ್ಷೆಯಲ್ಲೇ ಮತ್ತೆ ಕಟ್ಟಿದ್ದು, 1979ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ್ದು. ಅಲ್ಲಿ ಪಕ್ಕದಲ್ಲಿ ಕಟ್ಟಡಕ್ಕೆ ಅಂತ ನೆಲ ತೋಡಿದ ಮೇಲೆ ಅಂತರ್ಜಲ ಇಳಿದು, ಮನೆಗಳಡಿಯ ಹಳೇ ಮರ, ಮಣ್ಣಿನ ಪದರ ಕೊಳೆತು ನೆಲವೇ ಕುಸಿಯತೊಡಗಿತು. ಕೊನೆಗೆ ಮಾಡಿದ್ದು ಮಳೆನೀರನ್ನು ಚರಂಡಿಗೆ ಬಿಡದೆ ಅಲ್ಲಲ್ಲೇ ನೆಲಕ್ಕೆ ಇಂಗಿಸುವ ಕೆಲಸ. ಇದನ್ನು ಯಾವ ಹಳೇ ಪೇಟೆಯಲ್ಲೂ ಮಾಡಬಹುದು. ಸಣ್ಣ ವ್ಯಾಸದ ಅಳತೆ ಬಾವಿ ನಾಲ್ಕೈದು ಕಡೆ ಕೊರೆದು ತಿಂಗಳಿಗೊಮ್ಮೆ ನೀರಿನ ಮಟ್ಟ ಬರೆದಿಟ್ಟರೆ, ಪಕ್ಕದ ನಿವೇಶನದ ಪಂಪ್ ಯಾವಾಗ ತೊಂದರೆ ಕೊಡ್ತಿದೆ ಅಂತ ಗೋಡೆ ಬಿರಿಯುವ ಮುಂಚೆಯೇ ಗೊತ್ತಾಗುತ್ತೆ.

ಉಪ್ಪುನೀರಿನಲ್ಲಿ ತೆರೆದು ನಿಂತ ಕಂಬಗಳ ಕತೆ ಬೇರೆ. ಮರ ಕೊರೆಯುವ ಟೆರೆಡೋ ಹುಳ, ನೋಡೋಕೆ ಹುಳದಂತಿದ್ದರೂ ಚಿಪ್ಪುಜೀವಿ, ಒಳಗೊಳಗೇ ಜೇನುಗೂಡು ಮಾಡುತ್ತೆ. ಹೊರಗೆ ಕಾಣೋದು ಸೂಜಿಮೊನೆಯಷ್ಟು ತೂತು. ಉಪ್ಪು ಕಡಿಮೆ ಇದ್ದ ಕಡೆ ಅದು ಬದುಕಲ್ಲ. ಬಾಲ್ಟಿಕ್ ಕಡಲು ಅಂಥದ್ದೇ. ಬಾಲ್ಟಿಕ್‌ನಲ್ಲಿ 1628ರಲ್ಲಿ ಮುಳುಗಿದ ಸ್ವೀಡನ್ನಿನ ವಾಸಾ ಹಡಗು 1961ರಲ್ಲಿ ಇಡಿಯಾಗಿ ಮೇಲೆ ಬಂದದ್ದು ಮುಖ್ಯವಾಗಿ ಇದರಿಂದ.

ಇನ್ನೊಂದು. ಒಳಗಿನ ಕೋಣೆಗಳ ಅಳತೆಯೂ ಮರದಿಂದಲೇ ಬಂದದ್ದು. ಜಾಂಜಿಬಾರ್‌ನ ಸ್ಟೋನ್ ಟೌನ್‌ನಲ್ಲಿ ಹವಳದ ಕಲ್ಲು, ಸುಣ್ಣದ ಗೋಡೆ, ಚಾವಣಿಗೆ ಮ್ಯಾಂಗ್ರೋವ್ ಕಂಬ. ಆ ಕಂಬ ಸಿಗೋದೇ ಗಿಡ್ಡ, ಹಾಗಾಗಿ ಕೋಣೆಗಳು ಮೂರು ಮೀಟರ್ ಆಸುಪಾಸಿನ ಅಗಲ, ಉದ್ದ ಎಷ್ಟು ಬೇಕಾದರೂ. ನಡುಗೋಡೆ ತೆಗೆದು ದೊಡ್ಡ ಹಜಾರ ಮಾಡೋಣ ಅಂತ ಹೊರಟರೆ ಚಾವಣಿ ತಲೆ ಮೇಲೆ ಬರುತ್ತೆ.

ತೀರದನಡಿಗೆ

ಈ ಎಲ್ಲಾ ಮಾತು ಓದಿದ ಮೇಲೆ ನಕ್ಷೆಗಾರ ಸರ್ ಕೇಳಿದ್ದಕ್ಕೆ ಉತ್ತರ ಸಿಕ್ಕಂತಾಯ್ತು. ಚೆಂದಕ್ಕೆ ಅಂತ ಮಾಡಿದ್ದು ಅಲ್ಲಿ ಬಹಳ ಕಡಿಮೆ. ಆಮ್ಸ್ಟರ್‌ಡಾಮ್ ಮನೆಗಳ ತುದಿಯಲ್ಲಿ ಹೊರಚಾಚಿದ ತೊಲೆ, ಅದಕ್ಕೊಂದು ಕೊಕ್ಕೆ. ಮೆಟ್ಟಿಲು ಕಡಿದಾದ್ದರಿಂದ ಸಾಮಾನನ್ನು ಹಗ್ಗದಲ್ಲಿ ಎತ್ತಿ ಕಿಟಕಿಯಿಂದ ಒಳಗೆ ತಗೊಳ್ಳೋದಕ್ಕೆ. ಎತ್ತುವಾಗ ಮೂಟೆ ಗೋಡೆಗೆ ಬಡಿಯದಿರಲಿ ಅಂತ ಎಷ್ಟೋ ಮನೆಗಳ ಮುಂಗೋಡೆಯನ್ನೇ ಸ್ವಲ್ಪ ಮುಂದಕ್ಕೆ ಬಾಗಿಸಿ ಕಟ್ಟಿದ್ದಾರೆ. ವಿಯೆಟ್ನಾಮಿನ ಹೋಯಿ ಆನ್‌ನಲ್ಲಿ ಹಳೇ ವ್ಯಾಪಾರಿಗಳ ಮನೆಯ ಅಟ್ಟದ ನೆಲದಲ್ಲಿ ಚೌಕದ ಬಾಯಿ ಇರುತ್ತೆ. ನದಿ ಉಕ್ಕಿದಾಗ ಸರಕನ್ನು ಅದರ ಮೂಲಕ ಮೇಲಕ್ಕೆ ಎಳೆದುಕೊಳ್ಳಬಹುದು. ಪ್ರವಾಹದ ಎತ್ತರವನ್ನು ಗೋಡೆಯಲ್ಲೇ ಗುರುತು ಹಾಕಿಡುತ್ತಾರೆ.

ನೋಡಲು ಹೋಗುವವರಿಗೆ ನನ್ನ ಸಲಹೆ: ಒಂದೇ ಜಾಗಕ್ಕೆ ಎರಡು ಸಲ ಹೋಗಿ, ಉಬ್ಬರದಲ್ಲಿ ಒಮ್ಮೆ, ಇಳಿತದಲ್ಲಿ ಒಮ್ಮೆ. ಹೆಚ್ಚಿನ ತೀರಗಳಲ್ಲಿ ಉಬ್ಬರದಿಂದ ಉಬ್ಬರಕ್ಕೆ 12 ಗಂಟೆ 25 ನಿಮಿಷ, ಅಂದರೆ ದಿನಾ ಸುಮಾರು 50 ನಿಮಿಷ ತಡ. ಇವತ್ತು ಬೆಳಗ್ಗೆ ಏಳಕ್ಕೆ ನೀರು ತುಂಬಿದ್ದರೆ ನಾಳೆ ಎಂಟಕ್ಕೆ ಸ್ವಲ್ಪ ಮುಂಚೆ. ನೀರು ಇಳಿದಾಗ ಧಕ್ಕೆಯ ಅಂಚಿನ ಕಲ್ಲನ್ನು ಹತ್ತಿರದಿಂದ ನೋಡಿ. ಹಗ್ಗ ಉಜ್ಜಿ ಉಜ್ಜಿ ಕಲ್ಲಿನಲ್ಲಿ ಬೆರಳು ಹಿಡಿಸುವಷ್ಟು ಗೆರೆ ಬಿದ್ದಿರುತ್ತೆ, ಒಳಬದಿ ನುಣುಪಾಗಿ ಗಾಜಿನಂತಿರುತ್ತೆ. ಅದರ ಕೆಳಗೆ ಕಬ್ಬಿಣದ ಬಳೆ, ಬಳೆಯ ಕೆಳಗೆ ಕಲ್ಲಿನ ಮೇಲೆ ತುಕ್ಕಿನ ಕಂದು ಸೋರಿಕೆ. ಗೆರೆಗಳು ಯಾವ ಕಡೆಗೆ ವಾಲಿವೆ ಅಂತ ನೋಡಿದರೆ ದೋಣಿಗಳು ಯಾವ ಕಡೆಯಿಂದ ಬಂದು ಕಟ್ಟಿಕೊಳ್ಳುತ್ತಿದ್ದವು ಅಂತ ಹೇಳಬಹುದು. ಅಂಚಿನ ಕಲ್ಲು "ಸವೆದಿದೆ" ಅಂತ ಬದಲಿಸಿದರೆ ಇದಿಷ್ಟೂ ಹೋಗುತ್ತೆ. ದಯವಿಟ್ಟು ಯಾರಾದರೂ ಗುತ್ತಿಗೆಯ ಷರತ್ತಿನಲ್ಲೇ ಅಂಚಿನ ಕಲ್ಲು ತೆಗೆಯಬಾರದು ಅಂತ ಬರೆಸಿ.

ಬೆಳಕಿನ ವಿಷಯ ಯಾರೂ ಎತ್ತಿಲ್ಲ. ಸೂರ್ಯ ಕೆಳಗಿರುವಾಗ ನೀರಿನಿಂದ ಚಿಮ್ಮಿದ ಬೆಳಕು ಕಿಟಕಿಯಿಂದ ಒಳಹೋಗಿ ಚಾವಣಿಯ ಮೇಲೆ ಅಲೆಅಲೆಯಾಗಿ ಆಡುತ್ತೆ. ಮನೆ ನೀರಿಗೆ ಹತ್ತಿರವಿದ್ದರೆ ಮಾತ್ರ. ನಡುವೆ ನಾಲ್ಕು ಸಾಲಿನ ರಸ್ತೆ ತಂದರೆ ಆ ಆಟ ನಿಲ್ಲುತ್ತೆ.

ಅಂಚಿನಮನೆ

ಕಂಬಿಯ ಬಗ್ಗೆ ಯಾರೂ ಹೇಳಲಿಲ್ಲ. ಅಂಚಿಗೆ ರೇಲಿಂಗ್ ಇಲ್ಲದಿದ್ದರೆ ಮಕ್ಕಳು, ಕಣ್ಣು ಮಂಜಾದ ಹಿರಿಯರು ಏನು ಮಾಡಬೇಕು? ಸೊಗಸಿಗೋಸ್ಕರ ಜೀವ ಪಣಕ್ಕಿಡೋದು ಸರಿಯಲ್ಲ.

ನಕ್ಷೆಗಾರ

ಸರಿಯಾದ ಪ್ರಶ್ನೆ ಮೇಡಂ. ದೋಣಿ ನಿಲ್ಲದ, ಜನ ದಟ್ಟವಾಗಿ ಓಡಾಡುವ ಕಡೆ ಕಂಬಿ ಬೇಕು, ಅದರಲ್ಲಿ ವಾದ ಇಲ್ಲ. ಆದರೆ ಘನ ಗೋಡೆ ಬೇಡ. ಕೂತವರ ಕಣ್ಣು ನೆಲದಿಂದ 1.1-1.2 ಮೀಟರ್ ಎತ್ತರದಲ್ಲಿರುತ್ತೆ. 1.1 ಮೀಟರ್ ಗೋಡೆ ಕಟ್ಟಿದರೆ ನೀರು ಕಾಣೋದು ನಿಂತವರಿಗೆ ಮಾತ್ರ. ತೆಳು ಸಲಾಕೆ, ಅದೂ ನಿಲುವಾಗಿ ಇರೋದು. ಅಡ್ಡ ಸಲಾಕೆ ಮಕ್ಕಳಿಗೆ ಏಣಿ.

ದೋಣಿ ಬರುವ ಕಡೆ ಕಂಬಿ ಹಾಕಿದರೆ ಹಗ್ಗ ಎಸೆಯೋಕೆ, ಸರಕು ಇಳಿಸೋಕೆ ಆಗಲ್ಲ. ಮೊದಲು ಕಂಬಿ ಬರುತ್ತೆ, ಆಮೇಲೆ ದೋಣಿ ಹೋಗುತ್ತೆ. ಅಲ್ಲಿ ಅಂಚಿಗೆ 150-200 ಮಿ.ಮೀ. ಎತ್ತರದ ಕಲ್ಲಿನ ದಿಂಡು, ಅದಕ್ಕಿಂತ ಒಂದು ಮೀಟರ್ ಒಳಗೆ ಕಾಲಿಗೆ ಗೊತ್ತಾಗುವ ಉಬ್ಬು ಕಲ್ಲಿನ ಪಟ್ಟಿ. ಕಣ್ಣು ಮಂಜಾದವರಿಗೆ ಅದೇ ಎಚ್ಚರಿಕೆ. ಸುಮಾರು 30 ಮೀಟರ್‌ಗೊಂದು ಏಣಿ, ತೀರಾ ಇಳಿತದ ಮಟ್ಟಕ್ಕಿಂತಲೂ ಒಂದು ಮೀಟರ್ ಕೆಳಕ್ಕೆ ಇಳಿದಿರಬೇಕು. ಅರ್ಧಕ್ಕೇ ನಿಂತ ಏಣಿ ಇಳಿತದಲ್ಲಿ ಬಿದ್ದವರ ಕೈಗೆ ಸಿಗಲ್ಲ. ಏಣಿಗಳ ನಡುವೆ ನೀರಿನ ಮಟ್ಟದಲ್ಲಿ ಹಿಡಿಯಲು ಸರಪಳಿ, ಮೇಲೆ ಜೀವರಕ್ಷಕ ಬಳೆ. ಮೆಟ್ಟಿಲಿದ್ದರೆ ಇನ್ನೂ ಒಳ್ಳೆಯದು. ಕಾಶಿಯ ಘಾಟ್‌ಗಳಲ್ಲಿ ದೊಡ್ಡ ಪ್ರವಾಹ ಬಿಟ್ಟರೆ ನದಿ ಏರಲಿ ಇಳಿಯಲಿ, ಯಾವುದೋ ಒಂದು ಮೆಟ್ಟಿಲು ನೀರಿಗೆ ತಾಗಿಯೇ ಇರುತ್ತೆ. ಪಾಚಿಯನ್ನು ಮಾತ್ರ ಗಡಸು ಪೊರಕೆಯಿಂದ ಆಗಾಗ ಉಜ್ಜಬೇಕು, ಪಾಲಿಶ್ ಕಲ್ಲು ಹಾಕಲೇಬಾರದು.

ದೀಪದ ಬೆಳಕಿನ ಬಣ್ಣ 2700 ಕೆಲ್ವಿನ್ ಅಥವಾ ಅದಕ್ಕಿಂತ ಬೆಚ್ಚನೆಯ ಹಳದಿ, ಕಂಬದ ಎತ್ತರ ಮೂರೂವರೆಯಿಂದ ನಾಲ್ಕು ಮೀಟರ್, ನೀರಿನ ಕಡೆಗೆ ಮರೆ. ನೀರು ಕಪ್ಪಾಗೇ ಇರಲಿ, ಆಗಲೇ ಎದುರು ದಡದ ದೀಪ ಅದರಲ್ಲಿ ಕಾಣೋದು.

ಕಟ್ಟೆಕಲ್ಲು

ಚರಂಡಿಯ ಬಾಯಿಯನ್ನೂ ಸೇರಿಸಿಕೊಳ್ಳಿ. ಉಬ್ಬರದಲ್ಲಿ ಸಮುದ್ರದ ನೀರು ಹಿಮ್ಮುಖವಾಗಿ ಚರಂಡಿಯಲ್ಲಿ ನುಗ್ಗಿ, ಬಿಸಿಲಲ್ಲೂ ಓಣಿಯಲ್ಲಿ ನೀರು ನಿಲ್ಲುತ್ತದೆ. ಅದನ್ನು ತಡೆಯಲು ಕೊಳವೆಯ ತುದಿಗೆ ಫ್ಲ್ಯಾಪ್ ವಾಲ್ವ್, ಅಂದರೆ ಹೊರಕ್ಕೆ ಮಾತ್ರ ತೆರೆಯುವ ಮುಚ್ಚಳ, ಇರುತ್ತದೆ. ಒಂದು ಪ್ಲಾಸ್ಟಿಕ್ ಬಾಟಲಿ ಸಿಕ್ಕಿಕೊಂಡರೂ, ಕೀಲಿನ ಮೇಲೆ ಚಿಪ್ಪುಜೀವಿಗಳು ಅಂಟಿದರೂ ಅದು ಅರ್ಧ ತೆರೆದೇ ಉಳಿಯುತ್ತದೆ. ತಿಂಗಳಿಗೊಮ್ಮೆ, ದೊಡ್ಡ ಮಳೆಯ ನಂತರ ಮತ್ತೊಮ್ಮೆ, ಇಳಿತದ ಹೊತ್ತಿನಲ್ಲಿ ಕೈಯಿಂದ ಎತ್ತಿ ಬಿಟ್ಟು ನೋಡಬೇಕು.

ದೊಡ್ಡ ತಡೆಗೋಡೆ ಬಂದರೂ ಈ ಕೆಲಸ ತಪ್ಪುವುದಿಲ್ಲ. ವೆನಿಸ್‌ನಲ್ಲಿ 1966ರ ನವೆಂಬರ್ 4ರಂದು ನೀರು 194 ಸೆಂ.ಮೀ. ಏರಿತ್ತು, 2019ರ ನವೆಂಬರ್ 12ರಂದು 187. ನಗರದ ಸುತ್ತಲಿನ ಲಗೂನು ಕಡಲಿಗೆ ಸೇರುವ ಮೂರು ಬಾಯಿಗಳಲ್ಲಿ 78 ಕದಗಳ ಮೋಸೆ ತಡೆ ಮೊದಲ ಬಾರಿ ನಗರವನ್ನು ಉಬ್ಬರದಿಂದ ಕಾಪಾಡಿದ್ದು 2020ರ ಅಕ್ಟೋಬರ್ 3ರಂದು. ಆದರೆ ಕದ ಎತ್ತುವುದು 110 ಸೆಂ.ಮೀ. ಮುನ್ಸೂಚನೆ ಇದ್ದಾಗ. ಸೇಂಟ್ ಮಾರ್ಕ್ಸ್ ಚೌಕದಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ ಮಟ್ಟಕ್ಕೇ ನೀರು ಬರುತ್ತದೆ. ಹಾಗಾಗಿ ಆ ಚೌಕದ ಹಳೆಯ ಚರ್ಚಾದ ಬಸಿಲಿಕಾದ ಸುತ್ತ ಬೇರೆಯೇ ಗಾಜಿನ ತಡೆ ಹಾಕಬೇಕಾಯಿತು.

ಅಂಚಿನಮನೆ

ಕಲ್ಲು, ಸುಣ್ಣ, ಮರ ಎಲ್ಲಾ ಸರಿ. ಅಲ್ಲಿ ವಾಸ ಮಾಡುವ ಜನ? ವೆನಿಸ್‌ನ ಹಳೇ ನಗರದಲ್ಲಿ 1951ರಲ್ಲಿ ಸುಮಾರು 1,75,000 ಜನ ಇದ್ದರು, 2022ರಲ್ಲಿ 50,000ಕ್ಕಿಂತ ಕಡಿಮೆಯಾದರು. ಮನೆಗಳೆಲ್ಲ ಪ್ರವಾಸಿಗಳ ಬಾಡಿಗೆ ಕೋಣೆ ಆದರೆ ಗೋಡೆ ಒದ್ದೆಯಾದದ್ದನ್ನು ನೋಡುವವರು ಯಾರು? ಸಣ್ಣ ಸೋರಿಕೆ ದಿನಾ ಕಾಣೋದು ದಿನಾ ಇರುವವರಿಗೆ. ಬೀಗ ಹಾಕಿದ ಮೇಲ್ಮಹಡಿಯಲ್ಲಿ ಒಂದು ಹೆಂಚು ಸರಿದರೆ ಒಂದೇ ಮಳೆಗಾಲದಲ್ಲಿ ತೊಲೆಯ ತುದಿ ಹೋಗುತ್ತೆ.

ಲಿವರ್‌ಪೂಲ್ ಬಂದರು 2004ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿ 2021ರಲ್ಲಿ ಹೊರಬಿತ್ತು. ನೀರಂಚಿನ ಹೊಸ ಕಟ್ಟಡಗಳು ಅದರ ಹಳೇ ಸ್ವರೂಪವನ್ನೇ ಕೆಡಿಸಿದವು ಅನ್ನೋದು ಕಾರಣ. ಅಂದರೆ ಬಿರುದು ಸಿಕ್ಕಿದ ಮಾತ್ರಕ್ಕೆ ಜಾಗ ಉಳಿಯಲ್ಲ.

ಮರದತೊಲೆ

ಅಂಚಿನಮನೆ ಮೇಡಂ ಹೇಳಿದ್ದು ನೂರಕ್ಕೆ ನೂರು. ಅದಕ್ಕೆ ಸೇರಿಸಿ ಒಂದು ಮಾತು: ದೋಣಿ ದುರಸ್ತಿಯ ಜಾಗವನ್ನು ತೆಗೆಸಬೇಡಿ. ವೆನಿಸ್‌ನಲ್ಲಿ ಸಾನ್ ಟ್ರೊವಾಸೋ ಬಳಿ ಗೊಂಡೋಲಾ ರಿಪೇರಿ ಮಾಡುವ ಇಳಿಜಾರು ಅಂಗಳ ಇನ್ನೂ ಕೆಲಸ ಮಾಡ್ತಿದೆ. ಟಾರು, ಮರದ ಪುಡಿ, ಸುತ್ತಿಗೆ ಸದ್ದು ಇರುತ್ತೆ ಅಂತ ಅಂಥ ಅಂಗಳವನ್ನು ಊರಾಚೆ ಕಳಿಸಿದರೆ, ಪೇಟೆಯ ಬಾಗಿಲು, ಕಿಟಕಿ, ತೊಲೆ ನೋಡಿಕೊಳ್ಳುವ ಕೈಗಳೂ ಅದರ ಜೊತೆಗೇ ಹೋಗುತ್ತವೆ. ದೋಣಿಗೂ ಮನೆಗೂ ಮರಗೆಲಸದವರು ಒಬ್ಬರೇ ಆಗಿರ್ತಾರೆ ಎಷ್ಟೋ ಕಡೆ.

ತೊಲೆಯ ತುದಿ ಹೋಗಿದ್ದರೆ ಇಡೀ ತೊಲೆ ಬದಲಿಸಬೇಕಿಲ್ಲ. ಗಟ್ಟಿ ಮರ ಸಿಗುವವರೆಗೆ ಕತ್ತರಿಸಿ, ಅದೇ ಜಾತಿಯ ಒಣಗಿದ ಮರವನ್ನು ಓರೆ ಜೋಡಣೆಯಲ್ಲಿ ಸೇರಿಸಿ, ಸ್ಟೇನ್‌ಲೆಸ್ ಬೋಲ್ಟ್ ಹಾಕಿ. ತೀರದಲ್ಲಿ 316 ದರ್ಜೆಯದೇ ಬೇಕು, 304 ಉಪ್ಪುಗಾಳಿಗೆ ಚುಕ್ಕೆ ಚುಕ್ಕೆ ತುಕ್ಕು ಹಿಡಿಯುತ್ತೆ. ಗೋಡೆಯೊಳಗೆ ಕೂರುವ ತುದಿಯ ಸುತ್ತ ಗಾರೆ ತುಂಬಬೇಡಿ, ಮೂರೂ ಬದಿ 20-25 ಮಿ.ಮೀ. ಗಾಳಿ ಆಡಲಿ.

ತೀರದನಡಿಗೆ

ಸುಣ್ಣಗಾರೆ ಅವರೇ, ಕೊನೆಯದಾಗಿ ಬಣ್ಣ. ಪ್ಲಾಸ್ಟಿಕ್ ಎಮಲ್ಷನ್ ಬೇಡ ಅಂತ ಗೊತ್ತು, ಸುಣ್ಣ ಬಳಿದರೆ ಕೈಗೆ ಅಂಟುತ್ತೆ ಅನ್ನೋ ದೂರು ಇದೆ.

ಸುಣ್ಣಗಾರೆ

ಅಂಟೋದು ದಪ್ಪ ಬಳಿದಾಗ, ಅಥವಾ ಒಣ ಗೋಡೆಗೆ ಬಳಿದಾಗ. ಸುಣ್ಣದ ಮುದ್ದೆಯನ್ನು ಹಾಲಿನಷ್ಟು ತೆಳ್ಳಗೆ ಕಲಸಿ, ಸಣ್ಣ ಜಾಲರಿಯಲ್ಲಿ ಸೋಸಿ. ಮಣ್ಣಿನ ಬಣ್ಣ, ಅಂದರೆ ಕಾವಿ ಅಥವಾ ಹಳದಿ ಮಣ್ಣು, ಸುಣ್ಣದ ತೂಕದ ಶೇ. 10 ಮೀರಬಾರದು, ಮೀರಿದರೆ ಹಿಡಿದಿಡುವಷ್ಟು ಸುಣ್ಣ ಇರಲ್ಲ. ಬಣ್ಣವನ್ನು ಹಿಂದಿನ ದಿನವೇ ಬಿಸಿನೀರಲ್ಲಿ ನೆನೆಸಿಡಿ. ಗೋಡೆಯನ್ನು ತೇವ ಮಾಡಿ, ನೀರು ಹರಿಯುವಷ್ಟು ಬೇಡ. ಬಳಿದಾಗ ಹಿಂದಿನ ಗೋಡೆ ಕಾಣುತ್ತಿರಬೇಕು. "ಏನೂ ಹತ್ತಿಲ್ಲ" ಅನ್ನಿಸಿದರೆ ಸರಿಯಾಗಿ ಬಳಿದಿದ್ದೀರಿ, ಆರಿದ ಮೇಲೆ ಬೆಳ್ಳಗಾಗುತ್ತೆ. ದಿನಕ್ಕೊಂದೇ ಕೈ, ಒಟ್ಟು ನಾಲ್ಕೈದು. ಪ್ರತಿ ಕೈಗೂ ಬೇಕಾದಷ್ಟು ಬಣ್ಣವನ್ನು ಒಂದೇ ಪಾತ್ರೆಯಲ್ಲಿ ಕಲಸಿಟ್ಟುಕೊಳ್ಳಿ, ಆಗಾಗ ಕದಡುತ್ತಿರಿ. ನಡುವೆ ಹೊಸದಾಗಿ ಕಲಸಿದರೆ ಗೋಡೆಯ ಅರ್ಧದಿಂದ ಬಣ್ಣ ಬದಲಾದದ್ದು ಬೀದಿಯ ಆಚೆಯಿಂದಲೂ ಕಾಣುತ್ತೆ.

ನೇರ ಬಿಸಿಲಿರುವ ಗೋಡೆಯನ್ನು ಸಂಜೆಗೆ ಇಟ್ಟುಕೊಳ್ಳಿ. ಕಣ್ಣಿಗೆ ಕನ್ನಡಕ ಕಡ್ಡಾಯ, ಸುಣ್ಣದ ಹನಿ ಬಿದ್ದರೆ ಕಣ್ಣು ಸುಡುತ್ತೆ. ಪಕ್ಕದಲ್ಲಿ ಒಂದು ಬಕೆಟ್ ಶುದ್ಧ ನೀರು ಇಟ್ಟುಕೊಂಡೇ ಕುಂಚ ಹಿಡಿಯಿರಿ.